ತಾತನ ತುಪಾಕಿ, ನಾಲ್ಕು ಕೇಪು

ನಮ್ಮ ನಡುಮನೆಯ ಗೋಡೆಯಲ್ಲಿ ಎರಡು ಮರದ ಗೂಟಗಳಿವೆ. ಈಗ ಅವುಗಳಿಗೆ ಮೊಮ್ಮಗನ ಶಾಲೆ ಚೀಲ ತೂಗುಹಾಕ್ತೀವಿ. ಮೊದಲು ಅಲ್ಲಿ ತಾತನ ತುಪಾಕಿ ಇರುತ್ತಿತ್ತು. ಆಯುಧಪೂಜೆಯ ದಿನ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಕುಡುಗೋಲು ನೇಗಿಲ ಜೊತೆಯಲ್ಲೇ ಕಾಯಿ ಒಡೆಯುತ್ತಿದ್ದರು.

ಊರವರೆಲ್ಲ ಅದನ್ನು ‘ರೈಫಲ್ಲು’ ಅಂತಿದ್ರು. ನಿಜಕ್ಕೂ ಅದು ರೈಫಲ್ ಅಲ್ಲ. ರೈಫಲ್ ಆಗಬೇಕಾದರೆ ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆದಿರಬೇಕು. ಆ ಗೀರಿನಿಂದಲೇ ಗುಂಡು ಗಿರ್ರನೆ ತಿರುಗುತ್ತಾ ನೇರ ಹೋಗುವುದು. ತಾತನದು ಒಳಗೆ ನುಣ್ಣಗಿದ್ದ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ತಾತನಿಗೆ ಅವರ ಅಪ್ಪನಿಂದ ಬಂದದ್ದು. ಅದರ ಜೊತೆಗೊಂದು ಲೈಸೆನ್ಸ್ ಪುಸ್ತಕ. ಮೊದಲ ಪುಟಗಳಲ್ಲಿ ಸೇಲಂ ಜಿಲ್ಲೆಯ ಮೊಹರು, ಆಮೇಲಿನ ಪುಟಗಳಲ್ಲಿ ಧರ್ಮಪುರಿಯದು. ಹೊಸೂರು ಸೀಮೆ ಮೊದಲು ಸೇಲಂ ಜಿಲ್ಲೆಯಲ್ಲಿತ್ತು, 1965ರಲ್ಲಿ ಧರ್ಮಪುರಿಗೆ ಸೇರಿತು, 2004ರಿಂದ ಕೃಷ್ಣಗಿರಿ. ನಾವು ಇದ್ದಲ್ಲೇ ಇದ್ದೀವಿ, ಮೊಹರು ಮಾತ್ರ ಬದಲಾಗ್ತಾ ಹೋಯಿತು.

ಆ ಕೋವಿಗೆ ಬೇಕಾಗಿದ್ದು ನಾಲ್ಕೇ ಸಾಮಾನು: ಮದ್ದು, ಗುಂಡು, ಒತ್ತುವುದಕ್ಕೆ ನಾರು, ಕಿಡಿಗೆ ಕೇಪು. ಹಿತ್ತಾಳೆಯ ಒಂದು ಸಣ್ಣ ಅಳತೆಯಲ್ಲಿ ಮದ್ದು ಅಳೆದು ನಳಿಗೆಗೆ ಸುರಿದು, ಮೇಲೆ ತೆಂಗಿನ ನಾರು ತುರುಕಿ, ಗುಂಡು ಬಿಟ್ಟು, ಮತ್ತೆ ನಾರಿಟ್ಟು, ಗಜದಿಂದ ಜಡಿಯುತ್ತಿದ್ದರು. ಕೊನೆಗೆ ಕೇಪು. ಅದು ತಾಮ್ರದ ಪುಟಾಣಿ ಟೋಪಿಯ ಹಾಗಿರುತ್ತೆ. ಕುದುರೆ ಬಡಿದಾಗ ಕಿಡಿ ಕೊಡುವುದು ಅದೇ. ನಾರು ಮನೆಯದು. ಸೀಸ ಸಂತೆಯಲ್ಲಿ ಸಿಗುತ್ತಿತ್ತು, ಕರಗಿಸಿ ಗುಂಡು ಮಾಡ್ಕೊಳ್ಳೋರು. ಮದ್ದು ಕಲಸುವ ವಿದ್ಯೆ ನಮ್ಮ ನಾಡಿನಲ್ಲಿ ಮೊದಲಿಂದಲೂ ಇತ್ತು. ಆದರೆ ಕೇಪು ಮಾತ್ರ ಯಾವ ಕಮ್ಮಾರನ ಕೈಗೂ ಬಗ್ಗಲಿಲ್ಲ. ಅದು ಕಾರ್ಖಾನೆಯಿಂದಲೇ ಬರಬೇಕಿತ್ತು. ಕೋವಿ ನಮ್ಮ ಗೂಟದ ಮೇಲಿದ್ದರೂ ಅದರ ಜುಟ್ಟು ಬೇರೆಯವರ ಕೈಯಲ್ಲಿತ್ತು.

ಈ ಮಾತು ಸರ್ಕಾರಕ್ಕೂ ಚೆನ್ನಾಗಿ ಗೊತ್ತಿತ್ತು. 1857ರ ದಂಗೆಗೆ ಕಿಡಿ ತಾಗಿದ್ದೇ ಎನ್‌ಫೀಲ್ಡ್ ರೈಫಲಿನ ಕೊಬ್ಬು ಸವರಿದ ತೋಟಾದಿಂದ ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. 1878ರಲ್ಲಿ ಲಿಟ್ಟನ್ ಕಾಲದ ಆಯುಧ ಕಾಯ್ದೆ ಬಂದ ಮೇಲೆ ಕೋವಿಗೂ, ಮದ್ದು ಗುಂಡಿಗೂ ಲೈಸೆನ್ಸ್ ಬೇಕಾಯಿತು. ಬಿಳಿಯರಿಗೆ ವಿನಾಯಿತಿ, ಕೊಡಗಿನವರಿಗೂ ವಿನಾಯಿತಿ. ನಮ್ಮಂಥ ಬಯಲುಸೀಮೆಯ ರೈತರಿಗೆ ಇರಲಿಲ್ಲ. ಬೋರಿನ ಲೆಕ್ಕದಲ್ಲೂ ಇದೇ ಉಪಾಯ. ಸೈನ್ಯದ ಪಾಯಿಂಟ್ 303 ತೋಟಾ ಹೊರಗಿನವರ ಕೈಗೆ ಸಿಗಬಾರದೆಂದು ಆ ಬೋರನ್ನೇ ಖಾಸಗಿಯವರಿಗೆ ನಿಷೇಧಿಸಿದರು. 20ನೇ ಶತಮಾನದ ಆರಂಭದಲ್ಲಿ ಪಾಯಿಂಟ್ 450 ಬೋರಿಗೂ ಅದೇ ಗತಿಯಾಯಿತು. ಆಗ ಇಂಗ್ಲೆಂಡಿನ ಕೋವಿ ತಯಾರಕರು ಹಿಂದೂಸ್ಥಾನದ ಗಿರಾಕಿ ಕೈತಪ್ಪಬಾರದೆಂದು 465, 470 ಎಂಬ ಹೊಸ ಬೋರುಗಳನ್ನೇ ಮಾಡಿದರು. ಇವತ್ತಿಗೂ ನಮ್ಮ ದೇಶದಲ್ಲಿ ಲೈಸೆನ್ಸಿನ ಮೇಲೆ ಕಾಣುವ ಪಾಯಿಂಟ್ 315 ರೈಫಲ್ ಇದೇ ಜಾತಿಯದು. ಸೈನ್ಯದ ತೋಟಾ ಅದರೊಳಗೆ ಹೊಂದುವುದಿಲ್ಲ. ಕೋವಿಯನ್ನು ಕಸಿದುಕೊಳ್ಳಬೇಕಾಗಿಲ್ಲ, ತೋಟಾ ಯಾರಿಗೆ ಸಿಗಬೇಕೆಂದು ತೀರ್ಮಾನಿಸಿದರೆ ಸಾಕು.

ಇನ್ನು ನಮ್ಮ ಮನೆಯ ಮಾತು. ಅದು 1971. ನಾನು ಆರನೇ ಕ್ಲಾಸು. ಆ ವರ್ಷ ರಾಗಿ ಚೆನ್ನಾಗಿ ತೆನೆ ಬಿಟ್ಟಿತ್ತು, ಕಾಡಂದಿ ಕಾಟವೂ ಅಷ್ಟೇ ಇತ್ತು. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕೂತು ತಮಟೆ ಬಡಿದರೂ ಬೆಳಗಾಗೋ ಹೊತ್ತಿಗೆ ಹೊಲ ಉತ್ತ ಹಾಗಿರ್ತಿತ್ತು. ತಾತನ ತಗಡಿನ ಡಬ್ಬಿಯಲ್ಲಿ ಉಳಿದದ್ದು ನಾಲ್ಕು ಕೇಪು. ಮಳೆಗಾಲದಲ್ಲಿ ಮದ್ದಿಗೆ ತೇವ ಬಡಿದಿತ್ತು. ಬಿಸಿಲಿಗೆ ಹರಡಿದ ಮೇಲೆ ಅಳತೆಗೆ ಅರ್ಧವೇ ಒಳ್ಳೇದು ಸಿಕ್ಕಿತು. ಹೊಸದು ತರೋಣವೆಂದರೆ ಹೋದ ಸಲವೇ ಅಂಗಡಿಯವರು ಇಲ್ಲ ಅಂದಿದ್ರು.

ಅರ್ಧ ಅಳತೆ ಮದ್ದಿನಲ್ಲೇ ತಾತ ಹೊಡೆದರು. ಮೊದಲ ಕೇಪು ಟಸ್ ಎಂದಿತು. ಎರಡನೆಯದು ಹತ್ತಿತು. ಹಂದಿ ಬಿದ್ದ ಹಾಗೆ ಬಿದ್ದು, ಎದ್ದು ಲಾಂಟಾನದ ಪೊದೆಯೊಳಕ್ಕೆ ನುಗ್ಗಿತು. ಬೆಳಿಗ್ಗೆ ರಕ್ತದ ಜಾಡು ಹಿಡಿದು ಹೋದವರು ನನ್ನ ಚಿಕ್ಕತಾತ. ಪೊದೆಯಿಂದ ಹಂದಿ ನೇರ ಅವರ ತೊಡೆಗೇ ಬಂತು. ಮಂಚದ ಮೇಲೆ ಹೊತ್ತು ರಸ್ತೆಗೆ ತಂದು, ಲಾರಿ ಹತ್ತಿಸಿ ಆಸ್ಪತ್ರೆ ಸೇರಿಸಿದರು. ಜೀವ ಉಳಿಯಿತು. ಕಾಲು ಸರಿಹೋಗಲಿಲ್ಲ. ಸಾಯುವ ತನಕ ಕೋಲೂರಿಕೊಂಡೇ ಓಡಾಡಿದರು.

ಊರವರು ಹಂದಿಯನ್ನು ಬೈದರು, ಮದ್ದು ಕೊಡದ ಅಂಗಡಿಯವನನ್ನೂ ಬೈದರು. ತಾತ ಮಾತ್ರ, “ಅಳತೆ ಸಾಲ್ದು ಅಂತ ನಂಗೊತ್ತಿತ್ತು. ಗೊತ್ತಿದ್ದೂ ಹೊಡೆದ್ನಲ್ಲ, ಅದು ನನ್ನ ತಪ್ಪು” ಅಂದರು. ಆಮೇಲೆ ಕೋವಿ ಗೂಟದಿಂದ ಇಳಿದದ್ದು ಆಯುಧಪೂಜೆಗೆ ಮಾತ್ರ.

ದೊಡ್ಡವನಾದ ಮೇಲೆ ನಾನು ಕೆನ್ನೆತ್ ಆಂಡರ್ಸನ್ ಬರೆದ ಬೇಟೆ ಕಥೆಗಳನ್ನು ಓದಿದೆ. ತೇಜಸ್ವಿಯವರು ಅವನ್ನು ಕನ್ನಡಕ್ಕೆ ತಂದಿದ್ದಾರೆ, ಹಳ್ಳಿಗಳಲ್ಲೂ ಬಹಳ ಜನ ಓದಿದ್ದಾರೆ. ಆತ ಬೆಂಗಳೂರಿನಿಂದ ಬಂದು ತಿರುಗಾಡಿದ್ದು ನಮ್ಮ ಜವಳಗಿರಿ, ಅಂಚೆಟ್ಟಿ ಕಾಡುಗಳಲ್ಲೇ. ಗುಂಡು ತಾಗಿಯೂ ಸಾಯದೆ ಉಳಿದ ಹುಲಿ ಚಿರತೆಗಳು ಬೇಟೆಯಾಡಲಾರದೆ ಮನುಷ್ಯರ ಮೇಲೆ ಬೀಳುತ್ತವೆ ಎಂಬ ಮಾತು ಆತನ ಬರಹದಲ್ಲೂ, ಕಾರ್ಬೆಟ್ ಬರಹದಲ್ಲೂ ಬರುತ್ತದೆ. ಓದುವಾಗೆಲ್ಲ ನನಗೆ ನೆನಪಾಗುತ್ತಿದ್ದದ್ದು ನಮ್ಮ ಅರ್ಧ ಅಳತೆ ಮದ್ದು.

ಆಂಡರ್ಸನ್ ಕೈಯಲ್ಲಿದ್ದದ್ದು ಅಮೆರಿಕದ ವಿಂಚೆಸ್ಟರ್ ಕಂಪನಿಯ ಪಾಯಿಂಟ್ 405 ರೈಫಲ್. ಅದರ ತೋಟಾ ಹುಟ್ಟಿದ್ದು 1904ರಲ್ಲಿ. ಮುಂದೆ ಕಂಪನಿ ಆ ರೈಫಲ್ ಮಾಡುವುದನ್ನು ನಿಲ್ಲಿಸಿತು, ಆಮೇಲೆ ತೋಟಾ ಮಾಡುವುದನ್ನೂ ನಿಲ್ಲಿಸಿತು. ಸಾಹೇಬರ ರೈಫಲ್ ಆಗಲಿ, ರೈತನ ನಾಡಕೋವಿಯಾಗಲಿ, ತೋಟಾ ಮಾಡುವವನು ಕೈಬಿಟ್ಟ ದಿನ ಎರಡೂ ಒಂದೇ ಗೂಟಕ್ಕೆ.

ಅಪ್ಪ ತೀರಿಕೊಂಡ ಮೇಲೆ ಕೋವಿ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಕಾಲ ಬದಲಾಗಿತ್ತು. 1972ರ ವನ್ಯಜೀವಿ ಕಾಯ್ದೆ ಬಂದಿತ್ತು, ಹಂದಿಯನ್ನೂ ನಮ್ಮಿಷ್ಟಕ್ಕೆ ಹೊಡೆಯುವಂತಿರಲಿಲ್ಲ. ಆದರೂ ಹಿರಿಯರ ವಸ್ತು, ಒಂದು ಸಲವಾದರೂ ಸದ್ದು ಕೇಳಬೇಕೆಂಬ ಆಸೆ. ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರು. ಮದುವೆ ಸೀರೆಯಿಂದ ಹಿಡಿದು ಪಂಪ್‌ಸೆಟ್ಟಿನ ತನಕ ಎಲ್ಲಕ್ಕೂ ನಾವು ಹೋಗುವುದು ಅಲ್ಲಿಗೇ. ಆದರೆ ನಮ್ಮ ಲೈಸೆನ್ಸ್ ಅತ್ತಿಬೆಲೆ ಗಡಿ ದಾಟುತ್ತಿರಲಿಲ್ಲ. ಅದು ತಮಿಳುನಾಡಿಗೆ ಮಾತ್ರ. ಸೇಲಂಗೆ ಹೋಗಿ ಕೇಳಿದೆ. ಅಂಗಡಿಯ ಮುದುಕರು ಪುಸ್ತಕ ತಿರುವಿ ನೋಡಿ ನಕ್ಕು, “ಹನ್ನೆರಡು ಬೋರಿನ ತೋಟಾ ಬೇಕಾದಷ್ಟು ಇದೆ ಸಾರ್, ಇದಕ್ಕೆ ಕೇಪು ಕೇಳುವವರೇ ಇಲ್ಲ” ಅಂದರು. ನಳಿಗೆ ಕೊಯ್ದು ತೋಟಾ ಹಾಕೋ ಹಾಗೆ ಮಾಡಿಕೊಡ್ತೀನಿ ಅಂತ ಹೊರಗೊಬ್ಬ ಬೆನ್ನು ಹತ್ತಿದ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಹಳೇ ನಳಿಗೆ ಕರಿಮದ್ದಿನ ಒತ್ತಡಕ್ಕೆ ಮಾಡಿದ್ದು. ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡಕ್ಕೆ ಸೀಳಿ ಹೊಡೆಯುವವನ ಕೈಯನ್ನೇ ಒಯ್ಯಬಹುದು. ಒಂದು ಕಾಲು ಹೋದದ್ದು ಸಾಕು ಅನಿಸಿ ಬಸ್ ಹತ್ತಿದೆ.

ಅದಾದ ಮೇಲೂ ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತರುವುದು ನಡೆದೇ ಇತ್ತು. ಒಂದು ಚುನಾವಣೆ ಮುಗಿದ ಮೇಲೆ ತರುವುದಕ್ಕೆ ಹೋಗಲಿಲ್ಲ. ಲೈಸೆನ್ಸ್ ಬೇಡವೆಂದು ಬರೆದುಕೊಟ್ಟೆ. 2014ರಲ್ಲಿ ನಮ್ಮ ಸುತ್ತಲ ಕಾಡಿನ ಬಹುಭಾಗ ಕಾವೇರಿ ಉತ್ತರ ವನ್ಯಜೀವಿಧಾಮವಾಯಿತು. ಹಂದಿ ಈಗಲೂ ಬರುತ್ತೆ, ಆನೆಯೂ ಬರುತ್ತೆ. ರಾಗಿ ಬೆಳೆದವನ ನಿದ್ದೆಗೇಡು ಹಾಗೇ ಇದೆ. ಅದಕ್ಕೆ ದಾರಿ ಬೇಕು, ನಿಜ. ಆದರೆ ತಾತನ ಕೋವಿ ಆ ದಾರಿಯಲ್ಲ ಎನ್ನುವುದು 1971ರಲ್ಲೇ ತೀರ್ಮಾನವಾಗಿತ್ತು.

ಮದ್ದಿನ ಹಿತ್ತಾಳೆ ಅಳತೆಯೊಂದು ಮನೆಯಲ್ಲಿ ಉಳಿದಿತ್ತು. ಅದನ್ನು ನಮ್ಮ ವಾಚನಾಲಯದ ಕಪಾಟಿಗೆ ಕೊಟ್ಟಿದ್ದೇನೆ. ಹೆಬ್ಬೆರಳಿನಷ್ಟು ದಪ್ಪ, ಒಳಗೆ ಅರ್ಧಕ್ಕೆ ಒಂದು ಗೀಟು. ಮೇಷ್ಟ್ರುಗಳು ಮಕ್ಕಳಿಗೆ ತೋರಿಸುವಾಗ ಆ ಗೀಟನ್ನೂ ತೋರಿಸಿ. ನಿಮ್ಮ ಮನೆಗಳ ಅಟ್ಟದಲ್ಲಿ ಹಳೇ ಲೈಸೆನ್ಸ್ ಪುಸ್ತಕವಿದ್ದರೆ ರದ್ದಿಗೆ ಹಾಕಬೇಡಿ. ಅದರ ಒಂದೊಂದು ಮೊಹರಿನಲ್ಲೂ ನಮ್ಮ ಸೀಮೆಯ ಚರಿತ್ರೆ ಇದೆ.