ಗಾಜಿನ ಕಿರುಗಾಯ

ವಿಶಾಲವಾದ ಕಿಟಕಿಯ ಗಾಜಿಗೆ ಕಲ್ಲೊಂದು ಸಿಡಿದು ಕಡಲೆಯಷ್ಟು ರಂಧ್ರವಾದರೆ, ಇಡೀ ಗಾಜನ್ನೇ ಕಿತ್ತೆಸೆಯಲು ನಾವು ಇಂದು ಹಿಂಜರಿಯುವುದಿಲ್ಲ. ಹಿಂದೆ ಅದು ಅಷ್ಟು ಸುಲಭದ ಮಾತಾಗಿರಲಿಲ್ಲ.

17ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನವರು ಕರಗಿದ ಗಾಜನ್ನು ಲೋಹದ ಮೇಜಿನ ಮೇಲೆ ಸುರಿದು, ಉರುಳೆಯಿಂದ ಹರಡಿ, ದೊಡ್ಡ ಹಲಗೆಗಳನ್ನು ಎರಕ ಹೊಯ್ಯತೊಡಗಿದರು. ಆರಿದ ಬಳಿಕ ಎರಡು ಮೈಗಳನ್ನೂ ಉಜ್ಜಿ ನಯಗೊಳಿಸಬೇಕಾಗಿದ್ದುದರಿಂದ ಅದು ಬಹು ದುಬಾರಿಯಾಗಿತ್ತು. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯು ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ವಿಧಾನವನ್ನು ಪ್ರಕಟಿಸಿತು. ಉಜ್ಜುವ ಶ್ರಮ ತಪ್ಪಿತು, ಗಾಜು ಅಗ್ಗವಾಯಿತು. ಬಿಸಾಡುವ ರೂಢಿಯೂ ಬೆಳೆಯಿತು.

ಸಣ್ಣ ಪೆಟ್ಟಿಗೆ ಗಾಜು ಶಂಕುವಿನಾಕಾರದಲ್ಲಿ ಒಡೆಯುತ್ತದೆ: ಪೆಟ್ಟು ಬಿದ್ದ ಕಡೆ ಕಿರಿದು, ಹಿಂಬದಿಯಲ್ಲಿ ಅಗಲ. ಜರ್ಮನಿಯ ವಿಜ್ಞಾನಿ ಹೈನ್ರಿಕ್ ಹರ್ಟ್ಸ್ 1880ರ ದಶಕದ ಆರಂಭದಲ್ಲಿ ಇದನ್ನು ವಿವೇಚಿಸಿದುದರಿಂದ ಆ ಶಂಕುವಿಗೆ ಆತನ ಹೆಸರೇ ಉಳಿದಿದೆ. ಗಾಯವು ಕಣ್ಣಿಗೆ ಎದ್ದು ಕಾಣುವುದು ಅದರೊಳಗಿನ ಗಾಳಿಯಿಂದ. ಗಾಜಿನ ವಕ್ರೀಭವನಾಂಕ ಸುಮಾರು 1.5. ಅದಕ್ಕೆ ಸಮೀಪವಾದ ಅಂಕವುಳ್ಳ ತಿಳಿಯಾದ ರಾಳವನ್ನು ತುಂಬಿದರೆ ಬೆಳಕು ನೇರವಾಗಿ ಹಾದುಹೋಗಿ, ಗಾಯ ಬಹುಮಟ್ಟಿಗೆ ಮರೆಯಾಗುತ್ತದೆ. ಹಿಂದೆ ಮಸೂರಗಳನ್ನು ಕೆನಡಾ ಬಾಲ್ಸಂ ಎಂಬ ಮರದ ಅಂಟಿನಿಂದ ಜೋಡಿಸುತ್ತಿದ್ದುದೂ ಇದೇ ತತ್ತ್ವದಿಂದ.

ಇಂದಿನ ಕುಶಲಕರ್ಮಿಯು ರಂಧ್ರವನ್ನು ಶುಚಿಮಾಡಿ ಒಣಗಿಸಿ, ಹಿಂಬದಿಗೆ ಅಂಟುಪಟ್ಟಿ ಹಚ್ಚಿ, ಗುಳ್ಳೆ ಉಳಿಯದಂತೆ ರಾಳವನ್ನು ತುಂಬುತ್ತಾನೆ. ಅತಿನೇರಳೆ ಬೆಳಕಿನಲ್ಲಿ ಅದು ಗಟ್ಟಿಯಾದ ಮೇಲೆ ಅಲಗಿನಿಂದ ಹೆರೆದು ಸಮಮಾಡುತ್ತಾನೆ. ಮೊದಲಿನ ಬಲ ಪೂರ್ಣವಾಗಿ ಮರಳದು. ಬಿರುಕು ಅಂಚನ್ನು ಮುಟ್ಟಿದ್ದರೆ ಗಾಜನ್ನು ಬದಲಿಸುವುದೇ ಕ್ಷೇಮ. ಅಲ್ಲದಿದ್ದರೆ, ಕಡಲೆಯಷ್ಟು ಗಾಯಕ್ಕಾಗಿ ಆಳೆತ್ತರದ ಗಾಜನ್ನು ಕಳೆದುಕೊಳ್ಳುವುದು ವಿವೇಕವಲ್ಲವೆಂದು ನಾವು ಭಾವಿಸುತ್ತೇವೆ.