ಇಲ್ಲದ ವಾಹನಕ್ಕೂ ರಿಪೇರಿ ಕೈಪಿಡಿ

ಕೆಟ್ಟು ನಿಂತ ಕಾರಿಗೆ ರಿಪೇರಿ ಕೈಪಿಡಿ ಬೇಕು, ಸರಿ. ಸಿನಿಮಾ ಪರದೆಯ ಮೇಲೆ ಮಾತ್ರ ಹಾರುವ ಆಕಾಶನೌಕೆಗೆ ಅದೇಕೆ? ಬ್ರಿಟನ್ನಿನ ಹೇನ್ಸ್ ಪ್ರಕಾಶನ ಸಂಸ್ಥೆ ಅಂಥ ಕೈಪಿಡಿಗಳನ್ನೂ ಹೊರತಂದಿದೆ. ಈ ತಮಾಷೆಯ ಬೆನ್ನಿಗೆ ದಶಕಗಳ ಗಂಭೀರ ದುಡಿಮೆ ಇದೆ.

ಸಂಸ್ಥಾಪಕ ಜಾನ್ ಹೇನ್ಸ್ 1938ರಲ್ಲಿ ಜನಿಸಿದ್ದು ಅಂದಿನ ಸಿಲೋನಿನಲ್ಲಿ. ತಂದೆ ಅಲ್ಲಿ ಚಹಾ ತೋಟದ ವ್ಯವಸ್ಥಾಪಕರು. ಮುಂದೆ ಬ್ರಿಟಿಷ್ ವಾಯುಪಡೆ ಸೇರಿದ ಹೇನ್ಸ್ 1965ರಲ್ಲಿ ಏಡನ್‌ನಲ್ಲಿದ್ದಾಗ, ಸಹೋದ್ಯೋಗಿಯೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರನ್ನು ದುರಸ್ತಿ ಮಾಡಲು ಹೊರಟರು. ಕಂಪೆನಿಯ ಕೈಪಿಡಿ ಸಾಮಾನ್ಯ ಮಾಲೀಕನಿಗೆ ಅರ್ಥವಾಗುವಂತಿರಲಿಲ್ಲ. ಹೇನ್ಸ್ ಕಾರನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸುತ್ತಾ, ಪ್ರತಿ ಹಂತದ ಫೋಟೊ ತೆಗೆದರು. 1966ರಲ್ಲಿ ಅದೇ ಪುಸ್ತಕವಾಯಿತು. ಮೊದಲ ಮುದ್ರಣದ 3,000 ಪ್ರತಿಗಳು ಮೂರು ತಿಂಗಳೊಳಗೆ ಖರ್ಚಾದವು.

ಬಿಚ್ಚಿ ನೋಡಿಯೇ ಬರೆಯಬೇಕೆಂಬುದು ಸಂಸ್ಥೆಯ ನಿಯಮವಾಯಿತು. ತುಕ್ಕು ಹಿಡಿದ ಬೋಲ್ಟು ಎಲ್ಲಿ ಕಾಡುತ್ತದೆ ಎಂಬುದು ಬಿಚ್ಚಿದವನಿಗಷ್ಟೇ ಗೊತ್ತು. ಗ್ಯಾರೇಜಿಗೆ ಹಣ ಸುರಿಯಲಾಗದವರು ಈ ಪುಸ್ತಕ ನಂಬಿ ಸ್ಪ್ಯಾನರ್ ಹಿಡಿದರು. ಜಗತ್ತಿನಾದ್ಯಂತ ಮಾರಾಟವಾದ ಪ್ರತಿಗಳು 20 ಕೋಟಿಗೂ ಹೆಚ್ಚು.

ಹೀಗೆ ಮನೆಮಾತಾದ ಮೇಲೆ ಸಂಸ್ಥೆ ರಸ್ತೆ ಬಿಟ್ಟು ಮೇಲಕ್ಕೆ ನೋಡಿತು. 2007ರಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನದ, 2009ರಲ್ಲಿ ಅಪೊಲೊ 11ರ ಕೈಪಿಡಿ ಬಂದವು. ಓದುಗರಾರೂ ಅವನ್ನು ರಿಪೇರಿ ಮಾಡಬೇಕಿರಲಿಲ್ಲ; ಒಳಗೇನಿದೆ ಎಂದು ತಿಳಿದರೆ ಸಾಕಿತ್ತು. 2010ರಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯ, ಅನಂತರ 'ಸ್ಟಾರ್ ವಾರ್ಸ್' ಚಿತ್ರದ ಮಿಲೇನಿಯಮ್ ಫಾಲ್ಕನ್‌ನ ಸರದಿ. ಹೊದಿಕೆ ಸರಿಸಿ ಒಳಗನ್ನು ತೋರಿಸುವ ಚಿತ್ರಗಳು, ಭಾಗಗಳ ಹೆಸರು, ಎಂಜಿನ್ನಿನ ವಿವರ ಎಲ್ಲವೂ ಕಾರಿನ ಪುಸ್ತಕದ ಧಾಟಿಯಲ್ಲೇ. ಬಿಚ್ಚಲು ಮಾತ್ರ ವಾಹನವೇ ಇಲ್ಲ! ಆ ಧಾಟಿಯ ಪರಿಚಯವಿದ್ದವರಿಗೇ ಇಲ್ಲಿನ ನಗೆ ದಕ್ಕುವುದು.

ಇತ್ತ ನಿಜವಾದ ಕಾರು ಬದಲಾಗಿತ್ತು. ಬಾನೆಟ್ ಎತ್ತಿದರೆ ಕಾಣುವುದು ಮುಚ್ಚಳಗಳು; ದೋಷ ಹೇಳುವುದು ಕಂಪ್ಯೂಟರ್. ಜಾನ್ ಹೇನ್ಸ್ 2019ರಲ್ಲಿ ನಿಧನರಾದರು. ಹೊಸ ಕಾರುಗಳ ಕೈಪಿಡಿಯನ್ನು ಇನ್ನು ಕಾಗದದ ಮೇಲೆ ಮುದ್ರಿಸುವುದಿಲ್ಲ ಎಂದು 2020ರಲ್ಲಿ ಸಂಸ್ಥೆ ಪ್ರಕಟಿಸಿತು. ಹಳೆಯವು ಮಾರಾಟದಲ್ಲಿ ಮುಂದುವರಿದವು.

ಕಾಲ್ಪನಿಕ ನೌಕೆಯ ಕೈಪಿಡಿ ಓದಿ ಯಾರೂ ನೌಕೆ ರಿಪೇರಿ ಮಾಡಲಾರರು. ಆದರೆ ಮನುಷ್ಯ ಕಟ್ಟಿದ್ದನ್ನು ಮನುಷ್ಯ ಬಿಚ್ಚಿ ತಿಳಿಯಬಹುದು ಎಂಬ ಧೈರ್ಯ ಅದರಲ್ಲೂ ಇದೆ. ಸ್ವಂತ ಕಾರಿನ ಮುಂದೆಯೇ ಆ ಧೈರ್ಯ ಕಡಿಮೆಯಾಗುತ್ತಿರುವುದು ಯೋಚಿಸಬೇಕಾದ ಸಂಗತಿ.