ಅಂಜೂರವೂ ಕಣಜದ ಹುಳುವೂ

ಅತ್ತಿಯ ಹೂವನ್ನು ಕಂಡವರಿಲ್ಲ ಎಂಬುದು ನಮ್ಮಲ್ಲಿ ರೂಢಿಯ ಮಾತು. ಹೂವು ಇಲ್ಲವೆಂದಲ್ಲ, ನಾವು ಕಾಯಿ ಎನ್ನುವುದರ ಒಳಗೋಡೆಯ ಮೇಲೆಯೇ ನೂರಾರು ಕಿರುಹೂಗಳು ಅಡಗಿರುತ್ತವೆ. ಅತ್ತಿ, ಆಲ, ಅರಳಿ, ಅಂಜೂರ ಎಲ್ಲಕ್ಕೂ ಇದೇ ಲಕ್ಷಣ. ಹೀಗೆ ಬಾಗಿಲು ಮುಚ್ಚಿಕೊಂಡ ಮನೆಗೆ ಪರಾಗವನ್ನು ತರುವವರಾರು? ಇದನ್ನರಿಯದೆ ಒಂದು ನಾಡಿನ ಬೆಳೆಗಾರರು ಫಲವಿಲ್ಲದ ಮರಗಳನ್ನು ವರ್ಷಗಟ್ಟಲೆ ಸಾಕಿದ ಕಥೆಯುಂಟು.

ತುರ್ಕಿಯ ಸ್ಮಿರ್ನಾ, ಎಂದರೆ ಇಂದಿನ ಇಜ್ಮಿರ್, ಒಣ ಅಂಜೂರಕ್ಕೆ ಹೆಸರಾದ ಪಟ್ಟಣ. 1880ರ ಸುಮಾರಿಗೆ ಅಲ್ಲಿಯ ತಳಿಯ ಸಾವಿರಾರು ಕಡ್ಡಿಗಳನ್ನು ಅಮೆರಿಕದ ಕ್ಯಾಲಿಫೋರ್ನಿಯಕ್ಕೆ ತರಿಸಿದರು. ಗಿಡಗಳು ಸೊಂಪಾಗಿ ಬೆಳೆದವು; ಮಿಡಿಗಳು ಮಾತ್ರ ಬಲಿಯದೆ ಉದುರಿದವು. ಸ್ಮಿರ್ನಾದವರು ಗೊಡ್ಡು ತಳಿಯನ್ನು ಕೊಟ್ಟು ವಂಚಿಸಿದರೆಂದು ಕೆಲವರು ಶಂಕಿಸಿದರು. ಸ್ಮಿರ್ನಾದ ರೈತರಾದರೋ ಕಾಡು ಅಂಜೂರದ ಕಾಯಿಗಳನ್ನು ಪೋಣಿಸಿ ತೋಟದ ಮರಗಳಿಗೆ ತೂಗುಹಾಕುತ್ತಿದ್ದರು. ಈ ಪದ್ಧತಿಯನ್ನು ಗ್ರೀಸಿನ ಥಿಯೋಫ್ರಾಸ್ಟಸ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆದಿಟ್ಟಿದ್ದನು. ಹೊಸನಾಡಿನ ಹಲವರಿಗೆ ಅದು ಹಳ್ಳಿಗರ ಮೂಢನಂಬಿಕೆಯಾಗಿ ತೋರಿತು.

ಆ ಕಾಡುಕಾಯಿಯೊಳಗೆ ಎರಡು ಮಿಲಿಮೀಟರಿನಷ್ಟು ಚಿಕ್ಕದಾದ ಕಣಜದ ಹುಳು ಬೆಳೆಯುತ್ತದೆ. ಗಂಡಿಗೆ ರೆಕ್ಕೆಯಿಲ್ಲ. ಹೆಣ್ಣು ಮೈಗೆ ಪರಾಗವನ್ನು ಮೆತ್ತಿಕೊಂಡು ಹೊರಬಿದ್ದು, ಇನ್ನೊಂದು ಕಾಯಿಯ ತುದಿಯ ಕಿರುಗಂಡಿಯಲ್ಲಿ ರೆಕ್ಕೆಗಳನ್ನು ಕಳೆದುಕೊಂಡು ನುಸುಳುತ್ತದೆ. ಕಾಡು ಅಂಜೂರದ ಹೂವಿನ ಶಲಾಕೆ, ಎಂದರೆ ಅಂಡಾಶಯದ ಮೇಲಿನ ನಾಳ, ಗಿಡ್ಡ. ಅಲ್ಲಿ ಅದು ಮೊಟ್ಟೆಯಿಡಬಲ್ಲದು. ಸ್ಮಿರ್ನಾ ಅಂಜೂರದಲ್ಲಿ ಶಲಾಕೆ ಉದ್ದ. ಹುಳುವಿನ ಮೊಟ್ಟೆಯಿಡುವ ನಳಿಕೆ ಅಂಡಾಶಯಕ್ಕೆ ನಿಲುಕದು. ಪರಾಗವನ್ನು ಕೊಟ್ಟು, ಸಂತಾನವಿಲ್ಲದೆ ಅಲ್ಲಿಯೇ ಸಾಯುತ್ತದೆ. ಮರಕ್ಕೆ ಬೀಜ, ಹುಳುವಿಗೆ ತೊಟ್ಟಿಲು: ಇವೆರಡರ ನಡುವಣ ಈ ಲೆಕ್ಕಾಚಾರದಲ್ಲಿಯೇ ಹೂವೂ ಕೀಟವೂ ಒಂದನ್ನೊಂದು ತಿದ್ದಿಕೊಂಡು ವಿಕಾಸ ಹೊಂದಿವೆ.

1890ರಲ್ಲಿ ಫ್ರೆಸ್ನೋದ ಜಾರ್ಜ್ ರೋಡಿಂಗ್ ಕಾಡು ಅಂಜೂರದ ಪರಾಗವನ್ನು ಕೈಯಿಂದಲೇ ಹೂಗಳಿಗೆ ಮುಟ್ಟಿಸಿ ಹಣ್ಣು ಪಡೆದನು. ಆದರೆ ತೋಟವಿಡೀ ಹಾಗೆ ಮಾಡುವುದು ಯಾರಿಂದ ಸಾಧ್ಯ? ಕಡೆಗೆ 1899ರಲ್ಲಿ ಅಲ್ಜೀರಿಯದಿಂದ ವಾಲ್ಟರ್ ಸ್ವಿಂಗಲ್ ಕಳುಹಿಸಿದ ಹುಳುಗಳು ಅಲ್ಲಿ ನೆಲೆಯೂರಿದವು, ಮರಗಳು ಫಲಿಸಿದವು.

ಈ ಕೂಡುಬಾಳ್ವೆ ಬಹು ಪ್ರಾಚೀನವಾದುದು. ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ದೊರೆತ, ಸುಮಾರು 3.4 ಕೋಟಿ ವರ್ಷಗಳಷ್ಟು ಹಳೆಯ ಪಳೆಯುಳಿಕೆಯಲ್ಲಿನ ಕಣಜ ಇಂದಿನದರಂತೆಯೇ ಇದೆ. ಕಡ್ಡಿಯನ್ನಷ್ಟೇ ತಂದವರು ಅರ್ಧ ಮರವನ್ನು ಮಾತ್ರ ತಂದಿದ್ದರು. ಉಳಿದರ್ಧ ಸ್ಮಿರ್ನಾದಲ್ಲಿಯೇ ಹಾರಾಡುತ್ತಿತ್ತು. ಅತ್ತಿಯ ಹಣ್ಣನ್ನು ಒಡೆದು, ಒಳಗಿನ ಹುಳುವನ್ನು ಕಂಡು ಮುಖ ಸಿಂಡರಿಸುವ ನಾವೂ ಇದನ್ನು ನೆನೆಯಬೇಕು. ಅಂಥ ಹುಳುವಿನ ಉಪಕಾರವಿಲ್ಲದೆ ಅತ್ತಿಗೆ ಬೀಜವಿಲ್ಲ, ಬೀಜದಿಂದ ಮುಂದಿನ ಮರವಿಲ್ಲ.